ಎಡಗಡೆಯ ಕಾಜಾ

ಕಾಗದದ ಕೊನೆಯಲ್ಲಿದ್ದದ್ದು ಎರಡೇ ಸಾಲು. ಆ ಎರಡು ಸಾಲು ಒಂದು ಮನೆಯನ್ನು ನಾಲ್ಕು ವಾರ ಕುಣಿಸಿತು.

"ಸಂದರ್ಶನಕ್ಕೆ ಬರುವವರು ಗಾಢ ಬಣ್ಣದ ಕೋಟು ಹಾಗೂ ಮುಚ್ಚಿದ ಕಪ್ಪು ಬೂಟು ಧರಿಸಿರತಕ್ಕದ್ದು. ಅಬ್ಬರದ ಉಡುಪಿಗೆ ಅವಕಾಶವಿಲ್ಲ."

ಮಗಳು ಅದನ್ನು ಊಟದ ಹೊತ್ತಿಗೆ ಎರಡು ಸಲ ಗಟ್ಟಿಯಾಗಿ ಓದಿದಳು. ವಿಮಾ ಕಂಪನಿಯ ಲಿಖಿತ ಪರೀಕ್ಷೆ ಬರೆದ ಆರುನೂರು ಜನರಲ್ಲಿ ಹನ್ನೊಂದು ಜನ ಉಳಿದಿದ್ದರು, ಅವರಲ್ಲಿ ಇವಳೊಬ್ಬಳು. ತೆಗೆದುಕೊಳ್ಳುವುದು ಮೂವರನ್ನು. ಆ ಮನೆಯಿಂದ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಅಲ್ಲಿಯವರೆಗೆ ಯಾರೂ ಹೋದದ್ದಿಲ್ಲ. ಅಪ್ಪ ನಿಂತು ದುಡಿಯುವವನು, ಅಮ್ಮ ನಿಂತು ದುಡಿಯುವವಳು, ಅಜ್ಜಿ ನೆಲದ ಮೇಲೆ ಕೂತು ದುಡಿದವಳು.

ಅಪ್ಪ ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಮಗಳಿಗೆ ಕಾಗದ ಬರೆದ ವಿಮಾ ಕಂಪನಿ ಇದ್ದದ್ದು ಅದೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ. ಅಮ್ಮನದು ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಅತಿಥಿಗಳ ಕೋಟು, ಪ್ಯಾಂಟು ಇಸ್ತ್ರಿ ಮಾಡುವುದು ಅವಳ ಕೆಲಸ. ಇನ್ನು ಅಜ್ಜಿ, ಅಂದರೆ ಅಪ್ಪನ ತಾಯಿ. ಗುಂಡಿ ತೂರಿಸುವ ಸೀಳಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಆ ಸೀಳಿನ ಅಂಚಿಗೆ ರೇಷ್ಮೆ ದಾರದಲ್ಲಿ ಹೊಲಿಗೆ ಹಾಕುವುದನ್ನೇ ಅಜ್ಜಿ ಮೂವತ್ತೊಂದು ವರ್ಷ ಮಾಡಿದ್ದಳು, ಅದೂ ಊರಿನ ದೊಡ್ಡ ಮನುಷ್ಯರಿಗೆ ಕೋಟು ಹೊಲಿಯುತ್ತಿದ್ದ ಒಂದೇ ಅಂಗಡಿಗೆ. ದರ್ಜಿಗಳ ಬೀದಿಯಲ್ಲಿ ಅವಳಿಗೆ ಕಾಜಾ ಅಮ್ಮ ಅಂತಲೇ ಹೆಸರು.

ಓದಿ ಮುಗಿಯುತ್ತಿದ್ದಂತೆ ಅಮ್ಮ ತೀರ್ಮಾನ ಹೇಳಿಬಿಟ್ಟಳು. ದೊಡ್ಡ ಬೀದಿಯ ಅಂಗಡಿಯಲ್ಲಿ ಸಿದ್ಧ ಕೋಟು ಸಿಗುತ್ತದೆ, ಭಾನುವಾರ ಹೋಗಿ ತಂದರಾಯಿತು, ಎಲ್ಲರೂ ಹಾಕುವುದು ಅದನ್ನೇ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಅಂಗಡಿ ಕೋಟಿಗೆ ಮಿಷಿನ್ ಕಾಜಾ. ನಾಲ್ಕು ಸಲ ಗುಂಡಿ ಹಾಕಿ ತೆಗೆದ್ರೆ ನೂಲು ಎದ್ದು ಹಲ್ಲು ಕಿರಿಯತ್ತೆ. ಈ ಮನೆ ಹುಡುಗಿ ಅದನ್ನ ಹಾಕ್ಕೊಂಡು ಹೋಗೋದಾ?"

"ನಿಮ್ಮ ಕಣ್ಣಿಗೆ ಸೂಜಿ ತೂತೇ ಕಾಣಲ್ಲ ಅತ್ತೆ. ಮೊನ್ನೆ ಸಕ್ಕರೆ ಅಂತ ಚಹಾಕ್ಕೆ ಉಪ್ಪು ಹಾಕಿದ್ರಿ."

"ನೂಲು ನೀನು ಪೋಣಿಸಿಕೊಡು. ಮಿಕ್ಕಿದ್ದನ್ನ ನನ್ನ ಬೆರಳು ನೋಡ್ಕೊಳ್ಳತ್ತೆ."

ಇಬ್ಬರೂ ಅಪ್ಪನ ಕಡೆ ತಿರುಗಿದರು. ಇಪ್ಪತ್ತನಾಲ್ಕು ವರ್ಷದಿಂದ ಅತ್ತೆ ಸೊಸೆಯರ ನಡುವೆ ಅಡ್ಡಗೋಡೆಯ ಮೇಲೆ ದೀಪ ಇಟ್ಟುಕೊಂಡೇ ಬಂದ ಮನುಷ್ಯ ಅವನು. ಈಗಲೂ ಬೇಳೆ ಬಡಿಸಿಕೊಳ್ಳುತ್ತ, "ಬೂಟಿನ ವಿಷಯ ನನಗೆ ಬಿಡಿ" ಅಂದ.

ಬೂಟಿನ ವಿಷಯ ಅವನಿಗೆ ಬಿಡುವಂಥದ್ದೇ. ಲಿಫ್ಟಿಗೆ ಹತ್ತಿದವರ ಮುಖ ನೋಡಬಾರದು, ಅವರಾಗಿ ಮಾತಾಡಿಸದೆ ಮಾತಾಡಬಾರದು ಅಂತ ಕೆಲಸಕ್ಕೆ ಸೇರಿದ ದಿನವೇ ಅವನಿಗೆ ಹೇಳಿದ್ದರು. ಮುಖ ನೋಡಬಾರದು ಅಂದಮೇಲೆ ಮನುಷ್ಯ ಇನ್ನೆಲ್ಲಿ ನೋಡಬೇಕು? ಇಪ್ಪತ್ತೆರಡು ವರ್ಷ ಅವನು ಬೂಟು ನೋಡಿದ್ದ. ಕಾಲು ಒಳಗಿಟ್ಟ ಕ್ಷಣವೇ ಇದು ಯಾವ ಮಹಡಿಯ ಬೂಟು ಅಂತ ಅವನಿಗೆ ಗೊತ್ತಾಗುತ್ತಿತ್ತು. ನಾಲ್ಕನೇ ಮಹಡಿಯ ಜಾಹೀರಾತಿನವರದು ಚೂಪು ಮೂತಿ. ಆರನೆಯ ಮಹಡಿಯ ವಕೀಲರದು ಹಳೆಯದು, ಆದರೆ ಹೊಳಪಿನದು. ಒಂಬತ್ತನೆಯವರದು ಮಾತ್ರ ನೋಡಿದರೂ ನೋಡಿದ ಹಾಗೆ ಅನ್ನಿಸದ ಬೂಟು. ಅಂಥದ್ದೇ ಬೇಕು ಅಂದ.

ಮಗಳಿಗೆ ಹಿಮ್ಮಡಿ ಎತ್ತರದ್ದರ ಮೇಲೆ ಕಣ್ಣಿತ್ತು. ಅಪ್ಪ ಅವಳನ್ನು ಸಂಜೆ ಆರರ ಮೇಲೆಯೇ ಅಂಗಡಿಗೆ ಕರೆದುಕೊಂಡು ಹೋದ. ಬೆಳಗಿನ ಪಾದ ಬೇರೆ, ಸಂಜೆಯ ಪಾದ ಬೇರೆ. ದಿನವಿಡೀ ನಿಂತ ಕಾಲು ಊದಿಕೊಂಡಾಗ ಹಿಡಿಯುವ ಬೂಟೇ ಬೂಟು ಅಂತ ಅಂಗಡಿಯವನಿಗೆ ಪಾಠ ಹೇಳಿದ. ಎತ್ತರದ ಜೋಡಿಯನ್ನು ಮಗಳು ಹಾಕಿಕೊಂಡು ಎರಡು ಹೆಜ್ಜೆ ನಡೆದಾಗ ಟಕ್ ಟಕ್ ಅಂದಿತು.

"ಒಂಬತ್ತನೇ ಮಹಡಿ ನೆಲ ಕಲ್ಲಿನದು. ನೀನು ಬಾಗಿಲಿಗೆ ಬರೋ ಮೊದಲೇ ನಿನ್ನ ಬೂಟು ಒಳಗೆ ಹೋಗಿ ಕೂತಿರತ್ತೆ. ಅವರು ನಿನ್ನ ನೋಡ್ಬೇಕು, ತಾಯಿ, ಬೂಟನ್ನಲ್ಲ."

ಕೊನೆಗೆ ಆರಿಸಿದ್ದು ದುಂಡು ಮೂತಿಯ, ಲೇಸಿನ, ಅರ್ಧ ಬೆರಳು ಹಿಮ್ಮಡಿಯ ಕಪ್ಪು ಬೂಟು. ಅದರ ಮೇಲೆ ಒಂದು ಬಕಲ್ಲಿಲ್ಲ, ಒಂದು ಹೂವಿಲ್ಲ. ಬೆಲೆ ಕೇಳಿ ಮಗಳು ಮೂಗಿಗಿಂತ ಮೂಗುತಿ ಭಾರ ಅಂದಳು. ಚರ್ಮ ಬಗ್ಗಿಸಿ ನೋಡಿ, ಹೊಲಿಗೆ ತಡವಿ, ಅಪ್ಪ ಮಾತಾಡದೆ ದುಡ್ಡು ಕೊಟ್ಟ. ತನ್ನ ಕಾಲಿನಲ್ಲಿದ್ದದ್ದು ಎರಡು ಸಲ ಅಟ್ಟೆ ಹಾಕಿಸಿದ ಬೂಟು ಅನ್ನುವುದು ಅವನಿಗೆ ನೆನಪೇ ಆದಂತಿರಲಿಲ್ಲ.

ಹೊಸ ಬೂಟು ಕಚ್ಚದಂತೆ ಪಳಗಬೇಕಲ್ಲ. ಅವತ್ತಿನಿಂದ ಮಗಳು ಮನೆಯಲ್ಲೂ ಅದನ್ನೇ ಹಾಕಿಕೊಂಡು ತಿರುಗಿದಳು. ಕಚೇರಿಯ ಬೂಟಿನಲ್ಲಿ ಪಾತ್ರೆ ತೊಳೆದಳು, ಕಸ ಗುಡಿಸಿದಳು, ಒದ್ದೆ ಬಟ್ಟೆ ಹಿಡಿದು ಮಹಡಿ ಹತ್ತಿದಳು. ಅಜ್ಜಿ ಅವಳನ್ನು ಮೇಡಂ ಅಂತ ಕರೆಯಲು ಶುರುಮಾಡಿದ್ದು ಆಗಲೇ. ಮೇಡಂ ಸ್ವಲ್ಪ ಆಲೂಗಡ್ಡೆ ಹೆಚ್ಚಿಕೊಡ್ತಾರಾ ಅಂತ ಅಡುಗೆಮನೆಯಿಂದ ಕೇಳುವುದು, ಮೇಡಂ ಬೂಟು ಸಮೇತ ಬಂದು ಚಾಕು ಹಿಡಿಯುವುದು.

ಕೋಟಿನ ಜಗಳ ಮಾತ್ರ ಮುಗಿಯಲಿಲ್ಲ. ಅಮ್ಮ ಭಾನುವಾರ ಮಗಳನ್ನು ಮಾರುಕಟ್ಟೆಗೆ ಅಂತ ಕರೆದುಕೊಂಡು ಹೋಗಿ ದೊಡ್ಡ ಬೀದಿಯ ಅಂಗಡಿಯಲ್ಲಿ ನಾಲ್ಕು ಕೋಟು ಹಾಕಿಸಿ ನೋಡಿದಳು. ಇತ್ತ ಅಜ್ಜಿ ಬುಧವಾರ ತನ್ನ ಹಳೆಯ ದರ್ಜಿ ಅಂಗಡಿಯ ಮಾಸ್ತರರಿಗೆ ಹೇಳಿಕಳಿಸಿ ಗಾಢ ಬೂದು ಬಣ್ಣದ ಉಣ್ಣೆ ಬಟ್ಟೆ ತೆಗೆಸಿಟ್ಟಳು. ಮಾಸ್ತರರು ಅಂದರೆ ಅವಳ ಮೂವತ್ತೊಂದು ವರ್ಷದ ಕಾಜಾಗಳಿಗೆ ಬಟ್ಟೆ ಕತ್ತರಿಸಿದವರು, ಈಗಲೂ ಕತ್ತರಿ ಬಿಟ್ಟಿಲ್ಲ. ಕೂಲಿ ಬೇಡ ಅಂದರಂತೆ. ಅದನ್ನು ಅಜ್ಜಿ ಮೂರು ಊಟದಲ್ಲಿ ಮೂರು ಸಲ ಹೇಳಿದಳು. ಅಮ್ಮ ಮುಖ ಊದಿಸಿಕೊಂಡಳು, ಆದರೆ ರಾತ್ರಿಯ ತಟ್ಟೆ ಎತ್ತುವಾಗ ಸೋತವಳ ಹಾಗೆ ಹೇಳಿದಳು: ಆಗಲಿ, ಹೊಲಿಸಿ, ಹಾಳಾದರೆ ನನ್ನನ್ನು ಕೇಳಬೇಡಿ.

ಎರಡು ವಾರದಲ್ಲಿ ಕೋಟು ಹೊಲಿದು ಬಂತು. ಕಾಜಾ ಹಾಕುವುದೊಂದೇ ಬಾಕಿ. ಮಾಸ್ತರರು ಎಲ್ಲ ಬಟ್ಟೆಗೂ ಕಾಜಾ ಬರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡುತ್ತಾರೆ. ಕಾಜಾ ಅಮ್ಮನಿಗೆ ಮಾತ್ರ ಒಂದು ದಿನವೂ ಎಳೆದು ಕೊಟ್ಟವರಲ್ಲ. ಅವಳಿಗೆ ಗುರುತು ಹಾಕುವುದು ಅಂದರೆ ಅವಳ ಮರ್ಯಾದೆಗೆ ಗೆರೆ ಎಳೆದಂತೆ ಅನ್ನುವುದು ಆ ಬೀದಿಯವರ ನಂಬಿಕೆ. ಕೋಟನ್ನು ಅಪ್ಪನ ಕೈಗೆ ಕೊಡುವಾಗಲೂ ಅದನ್ನು ಗುರುತಿಲ್ಲದೆ ಮಡಿಸಿಯೇ ಕೊಟ್ಟರು. ಬಾಗಿಲವರೆಗೆ ಬಂದು ಒಂದು ಮಾತು ಹೇಳಿದರು, ಅಷ್ಟೆ. ಆ ಮಾತು ಏನು ಅಂತ ಅಪ್ಪ ಮನೆಗೆ ಬಂದು ಹೇಳಲಿಲ್ಲ.

ಅಜ್ಜಿ ಕಿಟಕಿಯ ಕೆಳಗೆ ಕೂತಳು. ಅಮ್ಮ ಗೊಣಗುತ್ತಲೇ ಐದು ಸೂಜಿಗೆ ನೂಲು ಪೋಣಿಸಿ, ದಿಂಬಿಗೆ ಚುಚ್ಚಿಟ್ಟು ಕೆಲಸಕ್ಕೆ ಹೋದಳು. ಅಜ್ಜಿ ಮೇಣದ ತುಂಡಿನ ಮೇಲೆ ದಾರ ಎಳೆದು, ಬ್ಲೇಡಿನಿಂದ ಒಂದೇ ಸೀಳು ಸೀಳಿ, ಅಂಚಿನುದ್ದಕ್ಕೂ ಗಂಟಿನ ಪಕ್ಕ ಗಂಟು ಕೂರಿಸುತ್ತ ಹೋದಳು. ಕೊನೆಯಲ್ಲಿ ಅಡ್ಡಕ್ಕೆ ದಾರ ಸುತ್ತಿ ಬಿಗಿಯಬೇಕು. ಎಲ್ಲರೂ ನಾಲ್ಕು ಸುತ್ತು ಸುತ್ತುತ್ತಾರೆ. ಗುಂಡಿ ಎಳೆಯುವುದು ಅಲ್ಲೇ ಅಂತ ಅಜ್ಜಿ ಆರು ಸುತ್ತುತ್ತಿದ್ದಳು. ಎರಡು ಕಾಜಾಕ್ಕೆ ಎರಡು ದಿನ ಹಿಡಿಯಿತು. ಹಿಂದಾದರೆ ಅರ್ಧ ಗಂಟೆಯ ಕೆಲಸ. ಮುಗಿದಾಗ ಅದರ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣು ಮುಚ್ಚಿಕೊಂಡೇ, ಚೆನ್ನಾಗಿದೆ ಅಂದುಕೊಂಡಳು. ಚೆನ್ನಾಗಿಯೇ ಇತ್ತು.

ಸಂದರ್ಶನಕ್ಕೆ ಮೂರು ದಿನ ಇತ್ತು. ಅಮ್ಮ ಕೋಟನ್ನು ಇಸ್ತ್ರಿಗೆ ಅಂತ ಮೇಜಿನ ಮೇಲೆ ಹರಡಿದವಳು ಹಾಗೇ ನಿಂತುಬಿಟ್ಟಳು. ದಿನಕ್ಕೆ ಅರವತ್ತು ಕೋಟು ಮಡಿಸುವವಳ ಕಣ್ಣಿಗೆ ಒಂದು ನೋಟ ಸಾಕಾಯಿತು. ಕಾಜಾ ಗಂಡಸರ ಕೋಟಿಗೆ ಎಡಗಡೆ ಬರುತ್ತದೆ, ಹೆಂಗಸರದ್ದಕ್ಕೆ ಬಲಗಡೆ. ಇದರಲ್ಲಿ ಎಡಗಡೆ ಇತ್ತು. ಅವಳು ಗಂಡನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು.

"ಮಾಸ್ತರ್ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಅಪ್ಪ ನೆಲ ನೋಡಿದ. ಹೆಂಗಸರ ಕೋಟು, ಬಲಗಡೆಗೆ ಅಂತ ಕಾಜಾ ಅಮ್ಮನಿಗೆ ಒಂದು ಮಾತು ನೆನಪು ಮಾಡು, ಅಂತ ಹೇಳಿದ್ದರಂತೆ.

"ಮತ್ತೆ ಹೇಳಲಿಲ್ಲ ಯಾಕೆ?"

"ನಮ್ಮಮ್ಮನಿಗೆ ನಾನು ಕಾಜಾ ಹೇಳಿಕೊಡೋದಾ? ಅಜ್ಜಿಗೆ ಕೆಮ್ಮು ಕಲಿಸೋಕೆ ಹೋದ ಹಾಗಾಗತ್ತೆ ಅಂತ ಸುಮ್ಮನಾದೆ."

ಎರಡು ಕೋಣೆಯ ಮನೆಯಲ್ಲಿ ಮೆಲ್ಲಗೆ ಅನ್ನುವುದು ಇರುವುದಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಕೋಟನ್ನು ಮುಟ್ಟಿದಳು, ಎಡ ಅಂಚಿನ ಕಾಜಾ ತಡವಿದಳು, ಬಲ ಅಂಚಿನ ನುಣುಪು ಬಟ್ಟೆಯನ್ನೂ ತಡವಿದಳು. ಸೀಳಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಅದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಕಾಜಾವೂ ವಾಪಸು ಬಂದಿರಲಿಲ್ಲ. ಬಂದದ್ದು ಮೊಮ್ಮಗಳದ್ದು.

"ಅಂಗಡಿಯದ್ದನ್ನೇ ತಂದ್ಬಿಡು," ಅಂದಳು ಸೊಸೆಗೆ.

ಅವತ್ತು ರಾತ್ರಿ ಅಜ್ಜಿ ಊಟಕ್ಕೆ ಏಳಲಿಲ್ಲ. ಮರುದಿನ ಚಹಾ ಕುಡಿದಳು, ಬ್ರೆಡ್ಡು ಮುಟ್ಟಲಿಲ್ಲ. ಮೇಡಂ ಅಂತ ಕೂಗಲಿಲ್ಲ. ಸೂಜಿ ಚುಚ್ಚಿದ ದಿಂಬನ್ನು ಎತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅಪ್ಪ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ತಾಯಿಗೆ ಗೌರವ ಕೊಡಲು ಹೋಗಿ ತಾಯಿಯ ಹೆಸರನ್ನೇ ಕೆಡಿಸಿದ ಹಾಗಾಗಿತ್ತು.

ಅಮ್ಮ ಸಂಜೆ ಕೆಲಸದಿಂದ ಬರುವಾಗ ದೊಡ್ಡ ಬೀದಿಯ ಕೋಟು ತಂದಳು. ಕಪ್ಪು ಕೋಟು, ಮಗಳಿಗೆ ಅಳತೆ ತೆಗೆದ ಹಾಗೆ ಕೂತಿತು. ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಇಷ್ಟು ದಿನ ಬೇಕು ಬೇಕು ಅಂದದ್ದು ಕೈಗೆ ಬಂದಾಗ ಅಮ್ಮನಿಗೂ ಅದರಲ್ಲಿ ರುಚಿ ಇರಲಿಲ್ಲ.

ಸಂದರ್ಶನದ ದಿನ ಬೆಳಗ್ಗೆ ಮಗಳು ಎದ್ದಾಗ ಬಾಗಿಲ ಹಿಂದಿನ ಮೊಳೆಗಳಲ್ಲಿ ಎರಡೂ ಕೋಟು ತೂಗುತ್ತಿದ್ದವು. ಅಂಗಡಿಯದ್ದು ತಂದ ಹಾಗೇ ಇತ್ತು. ಬೂದು ಕೋಟಿಗೆ ಮಾತ್ರ ಇಸ್ತ್ರಿಯಾಗಿತ್ತು. ಎಂಥ ಇಸ್ತ್ರಿ ಅಂದರೆ, ಭುಜ ತುಂಬಿ ನಿಂತಿತ್ತು, ಕಾಲರು ಮಡಿಕೆಯಲ್ಲಿ ಮೆತ್ತಗೆ ಹೊರಳಿತ್ತು, ತೋಳಿನಲ್ಲಿ ಒಂದು ಸುಕ್ಕು ಹುಡುಕಿದರೂ ಇಲ್ಲ. ಅಮ್ಮ ಇಸ್ತ್ರಿ ಪೆಟ್ಟಿಗೆಯ ತಂತಿ ಸುತ್ತುತ್ತಿದ್ದಳು. ಅಜ್ಜಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಎರಡೂ ಇದೆ," ಅಂದಳು ಅಮ್ಮ. "ಯಾವುದು ಬೇಕೋ ಹಾಕ್ಕೋ. ಒಂದು ಮಾತು ಮಾತ್ರ ಹೇಳ್ತೀನಿ. ಹದಿನೆಂಟು ವರ್ಷದಿಂದ ದೇಶದೇಶದವರ ಕೋಟು ಇಸ್ತ್ರಿ ಮಾಡಿದೀನಿ. ಇಂಥ ಕಾಜಾ ನನ್ನ ಕೈಗೆ ಸಿಕ್ಕಿಲ್ಲ."

ಅತ್ತೆಯ ಎದುರಿಗೆ ಅತ್ತೆಯ ಕೆಲಸವನ್ನು ಅವಳು ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು, ಅದನ್ನೂ ಮಗಳ ಮೇಲೆ ಹೇರಿ ಹೇಳಿದಳು.

ಮಗಳು ಬೂದು ಕೋಟು ತೊಟ್ಟಳು. ಕೈ ಒಮ್ಮೆ ತಪ್ಪು ಕಡೆ ಹೋಗಿ, ಸರಿಮಾಡಿಕೊಂಡು, ಗುಂಡಿ ಹಾಕಿಕೊಂಡಿತು. ಅಜ್ಜಿಯ ಎದುರು ಹೋಗಿ ನಿಂತಳು.

"ಬೇಡ ಮಗಾ," ಅಂದಳು ಅಜ್ಜಿ. "ಯಾರದ್ದೋ ಕೇಳಿ ತಂದಿದ್ದು ಅಂದ್ಕೋತಾರೆ."

"ಅಂದ್ಕೊಂಡ್ರೆ ಯಾರದ್ದು ಅಂತ ಹೇಳ್ತೀನಿ."

ಲಿಫ್ಟಿನಲ್ಲಿ ಅವತ್ತು ಎಂಟು ಜನ ತುಂಬಿದ್ದರು, ಮಗಳು ಎಲ್ಲರ ಹಿಂದೆ. ಅಪ್ಪ ಗುಂಡಿ ಒತ್ತಿದ. ಅಭ್ಯಾಸದಂತೆ ಕೆಳಗೆ ನೋಡಿದ. ಎಂಟು ಜೊತೆ ಬೂಟುಗಳ ನಡುವೆ ದುಂಡು ಮೂತಿಯ ಕಪ್ಪು ಜೋಡಿಯೊಂದು ಸದ್ದಿಲ್ಲದೆ, ಸರಿಯಾಗಿ ನಿಂತಿತ್ತು. ಒಂಬತ್ತರಲ್ಲಿ ಬಾಗಿಲು ತೆರೆಯಿತು. ಮುಂದಿದ್ದವರು ಅಲ್ಲಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಪ್ಪ ತಲೆಯೆತ್ತಿ, ಎಲ್ಲರ ಮುಖ ನೋಡಿ, ತಾನಾಗಿ ಮಾತಾಡಿದ.

"ಸ್ವಲ್ಪ ದಾರಿ ಬಿಡಿ. ನನ್ನ ಮಗಳು. ಸಂದರ್ಶನಕ್ಕೆ ಬಂದಿದಾಳೆ."

ದಾರಿ ಬಿಟ್ಟರು. ಒಬ್ಬರು ಶುಭವಾಗಲಿ ಅಂತಲೂ ಅಂದರು.

ಒಳಗೆ ಮೇಜಿನ ಆಚೆ ಮೂವರಿದ್ದರು. ನಡುವೆ ತಲೆ ನರೆತ ಹಿರಿಯರು, ಒಂದು ಪಕ್ಕ ಕಾಗದ ಬರೆದುಕೊಳ್ಳುತ್ತಿದ್ದ ಗಂಡಸು, ಇನ್ನೊಂದು ಪಕ್ಕ ಹೆಂಗಸು. ಬೆಂಕಿ ಬಿದ್ದ ಗೋದಾಮಿನ ಬಗ್ಗೆ ಕೇಳಿದರು, ಸುಳ್ಳು ಅರ್ಜಿ ಕಂಡುಹಿಡಿಯುವುದು ಹೇಗೆ ಅಂತ ಕೇಳಿದರು. ಗೊತ್ತಿದ್ದದ್ದನ್ನು ಮಗಳು ಹೇಳಿದಳು, ಗೊತ್ತಿಲ್ಲದ ಒಂದಕ್ಕೆ ಗೊತ್ತಿಲ್ಲ ಅಂದಳು. ಆಮೇಲೆ ಆ ಹೆಂಗಸು ಪೆನ್ನು ಕೆಳಗಿಟ್ಟರು. ನಿಮ್ಮ ಕೋಟಿನ ಗುಂಡಿ ಗಂಡಸರ ಕಡೆಗಿದೆಯಲ್ಲ, ಅಣ್ಣನದೋ ಅಂತ ಕೇಳಿದರು. ಕೆಟ್ಟದಾಗಿ ಕೇಳಲಿಲ್ಲ. ಆದರೂ ಮಗಳ ಕಿವಿ ಬಿಸಿಯಾಯಿತು.

ಅದೇ ಹೊತ್ತಿಗೆ ಅವಳ ಕಣ್ಣು ಹಿರಿಯರ ಕೋಟಿನ ಮೇಲೆ ಬಿತ್ತು. ಹಳೆಯ ಕೋಟು, ತೋಳಿನ ಅಂಚು ತೆಳುವಾಗಿತ್ತು. ಕಾಲರಿನ ಕಾಜಾ ಮಾತ್ರ ನಿನ್ನೆ ಹಾಕಿದ ಹಾಗಿತ್ತು. ಅದರ ಕೊನೆಯ ಸುತ್ತುಗಳು ದಪ್ಪಗೆ ಎದ್ದು ನಿಂತಿದ್ದವು.

"ನನ್ನದೇ ಮೇಡಂ. ನಮ್ಮಜ್ಜಿ ಕಾಜಾ ಹಾಕಿದ್ದು. ಮೂವತ್ತೊಂದು ವರ್ಷ ಗಂಡಸರ ಕೋಟಿಗೇ ಹಾಕಿದ ಕೈ, ರೂಢಿ ಮೇಲೆ ಎಡಕ್ಕೆ ಹೋಯ್ತು. ನಮ್ಮ ಮನೇಲಿ ಕೋಟು ಹಾಕ್ತಿರೋದು ನಾನೇ ಮೊದಲು." ಹಿರಿಯರ ಕಡೆ ತಿರುಗಿದಳು. "ಸರ್ ಹಾಕ್ಕೊಂಡಿರೋ ಕೋಟಿಗೂ ಅವರೇ ಹಾಕಿರೋದು."

"ಅದು ಹೇಗೆ ಹೇಳ್ತೀರಿ?" ಅಂದರು ಹಿರಿಯರು.

"ಎಲ್ಲರೂ ಕೊನೆಗೆ ನಾಲ್ಕು ಸುತ್ತು ಹಾಕ್ತಾರೆ. ಅಜ್ಜಿದು ಆರು. ಎಣಿಸಿ ನೋಡಿ ಸರ್."

ಹಿರಿಯರು ಕನ್ನಡಕ ಕೆಳಗಿಳಿಸಿ, ಗಲ್ಲ ಎದೆಗೊತ್ತಿ, ಉಗುರಿನಿಂದ ಎಣಿಸಿದರು. ಉಳಿದಿಬ್ಬರೂ ಅವರ ಬೆರಳನ್ನೇ ನೋಡುತ್ತಿದ್ದರು. ಎಣಿಸಿ ಮುಗಿಸಿ ಅವರು ಸಂಖ್ಯೆ ಹೇಳಲಿಲ್ಲ. ಈ ಕೋಟಿಗೆ ಹತ್ತೊಂಬತ್ತು ವರ್ಷವಾಯಿತು ಅಂತಷ್ಟೇ ಅಂದರು.

ಸಂಜೆ ಮನೆಯಲ್ಲಿ ಮಗಳು ಇದನ್ನೆಲ್ಲ ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅಜ್ಜಿ ಗೋಡೆ ಬಿಟ್ಟು ಈ ಕಡೆ ತಿರುಗಿದಳು.

"ಎಷ್ಟು ಎಣಿಸಿದ್ರು?"

"ಬಾಯಿಬಿಟ್ಟು ಹೇಳಲಿಲ್ಲ. ಬೆರಳು ಆರು ಸಲ ಆಡ್ತು."

"ಹಾಗಾದ್ರೆ ನಂದೇ," ಅಂದಳು ಅಜ್ಜಿ. ಆಮೇಲೆ ಏನಾದರೂ ತಿನ್ನಲು ಇದೆಯಾ ಅಂತ ಸೊಸೆಯನ್ನು ಕೇಳಿದಳು. ಅಮ್ಮ ಅನ್ನ ಬಡಿಸಿ ತಂದು ಎದುರಿಗಿಟ್ಟು, ತಾನೂ ಅಲ್ಲೇ ಕೂತಳು. ಅಪ್ಪ ತನ್ನ ತಪ್ಪನ್ನು ಆಗ ಹೇಳಿಕೊಂಡ. ಮುಂದೆ ನನಗೆ ಕೆಮ್ಮು ಕಲಿಸೋದಿದ್ದರೆ ಧಾರಾಳವಾಗಿ ಕಲಿಸಪ್ಪ ಅಂದಳು ತಾಯಿ. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಅಮ್ಮ.

ಹದಿನಾರನೆಯ ದಿನ ನೇಮಕದ ಕಾಗದ ಬಂತು. ಮೂವರಲ್ಲಿ ಇವಳ ಹೆಸರು ಎರಡನೆಯದು. ಬೀದಿಯ ತುದಿಯವರೆಗೆ ಸುದ್ದಿ ಮುಟ್ಟಿಸಲು ಅಜ್ಜಿಗೆ ಅರ್ಧ ಗಂಟೆ ಸಾಕಾಯಿತು, ಅದೂ ಮಂಡಿನೋವಿನ ಕಾಲಿನಲ್ಲಿ. ಅಂಗಡಿಯ ಕಪ್ಪು ಕೋಟನ್ನು ಅಮ್ಮ ತಾನಾಗಿಯೇ ವಾಪಸು ಕೊಟ್ಟು ಬಂದಳು. ಆದರೆ ದಿನಾ ಹಾಕಲು ಒಂದು ಕೋಟು ಸಾಲದು. ಮಾಸ್ತರರು ನೀಲಿ ಬಟ್ಟೆಯಲ್ಲಿ ಇನ್ನೊಂದು ಹೊಲಿದು ಕಳಿಸಿದರು. ಈ ಸಲ ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಒಂದು ಬಿಲ್ಲೆ ಇತ್ತು. ಗುರುತು ಹಾಕುವ ಧೈರ್ಯ ತನಗಿಲ್ಲ, ಮನೆಯವರೇ ಹಾಕಿಕೊಳ್ಳಲಿ ಅಂದರಂತೆ.

ಅಜ್ಜಿ ಕಿಟಕಿಯ ಕೆಳಗೆ ಕೂತು ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಬಿಲ್ಲೆಯನ್ನು ಮೊಮ್ಮಗಳ ಕಡೆ ಚಾಚಿದಳು. ಜೀವಮಾನದಲ್ಲಿ ಅವಳು ಗುರುತು ಕೇಳಿದ್ದು ಅದೇ ಮೊದಲು.

"ಬಾ ಮೇಡಂ. ಎಲ್ಲಿ ಬೇಕು ಅಂತ ಗೆರೆ ಎಳಿ."

ಮಗಳು ಬೂಟು ಕಾಲಿನಲ್ಲೇ ಮಂಡಿಯೂರಿದಳು. ಕೋಟನ್ನು ತಿರುಗಿಸಿ ನೋಡಿ, ಎಡ ಅಂಚಿನ ಮೇಲೆ ಎರಡು ಗೆರೆ ಎಳೆದಳು.

"ಅಯ್ಯೋ, ಅದು ಗಂಡಸರದ್ದು ಕಣೇ."

"ಅಲ್ಲ ಅಜ್ಜಿ. ಅದು ನಮ್ಮನೆ ಪದ್ಧತಿ."

ಅಜ್ಜಿ ಕಣ್ಣೊರೆಸಿಕೊಂಡಳು, ಬ್ಲೇಡಿಗೆ ಕೈ ಹಾಕಿದಳು. ಆ ಹೊತ್ತಿಗೆ ಅಮ್ಮ ಯಾರೂ ಹೇಳದೆಯೇ ಪೆಟ್ಟಿಗೆಯ ತಳದಿಂದ ದಿಂಬು ತೆಗೆದು, ಬೆಳಕಿಗೆ ಹಿಡಿದು, ಮೊದಲ ಸೂಜಿಗೆ ನೂಲು ಪೋಣಿಸುತ್ತಿದ್ದಳು.